ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಿಮಾನ: ಹಾರಾಟದ ಸಮಯವನ್ನಷ್ಟೇ ನಂಬಬೇಡಿ

ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 370 ಕಿಲೋಮೀಟರ್. ನಾನು ಹತ್ತಿದ ಎಟಿಆರ್-72 ವಿಮಾನ ಗಂಟೆಗೆ 500 ಕಿ.ಮೀ. ಆಸುಪಾಸಿನಲ್ಲಿ ಹಾರುತ್ತದೆ. ಲೆಕ್ಕಕ್ಕೆ ಮುಕ್ಕಾಲು ತಾಸು ಸಾಕು. ಆದರೆ ಏರುವುದು, ಇಳಿಯುವುದು, ರನ್‌ವೇವರೆಗೆ ಉರುಳುವುದು ಎಲ್ಲ ಸೇರಿ ಟಿಕೆಟ್ಟಿನಲ್ಲಿ ಕಾಣುವುದು ಒಂದೂಕಾಲು ತಾಸಿನ ಹತ್ತಿರ.

ನಾನು ಹೊರಟದ್ದು ಧಾರವಾಡದ ಸಪ್ತಾಪುರದಿಂದ, ಮುಟ್ಟಬೇಕಾದದ್ದು ಜಯನಗರದ ಅಕ್ಕನ ಮನೆಯನ್ನು. ಗೋಕುಲ ರಸ್ತೆಯ ನಿಲ್ದಾಣಕ್ಕೆ ಮುಕ್ಕಾಲು ತಾಸು, ಅಲ್ಲಿ ಒಂದೂವರೆ ತಾಸು ಕಾಯುವಿಕೆ, ಹಾರಾಟ, ಬೆಲ್ಟಿನ ಮೇಲೆ ಬ್ಯಾಗು ಬರುವ ತನಕ ಅರ್ಧ ತಾಸು. ಆಮೇಲೆ ವಾಯುವಜ್ರ ಬಸ್ಸು ಹೆಬ್ಬಾಳದ ಮೇಲ್ಸೇತುವೆ ದಾಟುವಷ್ಟರಲ್ಲಿ ಆಕಾಶದಲ್ಲಿ ಉಳಿಸಿದ್ದೆಲ್ಲ ನೆಲದ ಮೇಲೆ ಖರ್ಚಾಯಿತು. ಒಟ್ಟು ಆರು ತಾಸು. ವಂದೇ ಭಾರತ್ ರೈಲೂ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೆಚ್ಚುಕಡಿಮೆ ಅಷ್ಟೇ ಹೊತ್ತು ತೆಗೆದುಕೊಳ್ಳುತ್ತದೆ, ಊರ ನಡುವೆಯೇ ಇಳಿಸುತ್ತದೆ.

ಹಾಗಾಗಿ ಜಯನಗರ, ರಾಜಾಜಿನಗರ, ಯಶವಂತಪುರದ ಕಡೆ ಕೆಲಸವಿದ್ದರೆ ರೈಲೇ ಮೇಲು. ಯಲಹಂಕ, ಹೆಬ್ಬಾಳದ ಸುತ್ತ ಹೋಗುವವರಿಗೆ, ಮುಂದೆ ಇನ್ನೊಂದು ವಿಮಾನ ಹಿಡಿಯುವವರಿಗೆ ಮಾತ್ರ ವಿಮಾನದ ದುಡ್ಡು ಸಾರ್ಥಕ. ವಿದೇಶಕ್ಕೆ ಹೊರಟವರು ಒಂದು ವಿಷಯ ನೆನಪಿಡಿ: ಅಂತರರಾಷ್ಟ್ರೀಯ ವಿಮಾನಗಳು ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ. ನೀವು ಬಂದಿಳಿಯುವುದು ಒಂದನೆಯದಾದರೆ ನಡುವೆ ಬಸ್ಸು ಹಿಡಿಯಬೇಕು. ಎರಡು ಟಿಕೆಟ್ಟುಗಳನ್ನು ಬೇರೆಬೇರೆಯಾಗಿ ತೆಗೆದಿದ್ದರೆ ಬ್ಯಾಗನ್ನು ಬಿಡಿಸಿಕೊಂಡು ಮತ್ತೆ ಒಪ್ಪಿಸಬೇಕು. ಮೂರು ತಾಸಿಗಿಂತ ಕಡಿಮೆ ಅಂತರ ಇಟ್ಟುಕೊಳ್ಳುವ ಧೈರ್ಯ ನನಗಂತೂ ಇಲ್ಲ. ಚಳಿಗಾಲದಲ್ಲಿ ದೇವನಹಳ್ಳಿಯ ಬೆಳಗಿನ ಮಂಜು ವೇಳಾಪಟ್ಟಿಯನ್ನು ಕೇಳುವುದಿಲ್ಲ. ವೇಳಾಪಟ್ಟಿಯೂ ಮಾರ್ಚ್ ಮತ್ತು ಅಕ್ಟೋಬರ್ ಕೊನೆಗೆ ಬದಲಾಗುತ್ತದೆ, ಹಳೆಯ ಸಮಯ ನೆಚ್ಚಿಕೊಳ್ಳಬೇಡಿ.

ಗದಗ, ಹಾವೇರಿಯಿಂದ ಬರುವವರು ಹೊಸ ಬಸ್ ನಿಲ್ದಾಣದಲ್ಲಿ ಇಳಿದುಕೊಳ್ಳಿ, ಅದಿರುವುದೂ ಗೋಕುಲ ರಸ್ತೆಯಲ್ಲೇ. ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಬಂದರೆ ಹೊಸೂರಿನಲ್ಲಿ ಇಳಿದು ಆಟೊ ಹಿಡಿಯಬಹುದು. ಆಟೊದವರೊಂದಿಗೆ ದರ ಮೊದಲೇ ಮಾತಾಡಿಕೊಳ್ಳಿ.

ಎಟಿಆರ್‌ನಲ್ಲಿ ಹತ್ತುವ ಬಾಗಿಲು ಹಿಂಬದಿಗಿದೆ. ಹಿಂದಿನ ಸಾಲು ಕೇಳಿ ಪಡೆಯಿರಿ, ಪಂಖದ ಸದ್ದು ಕಡಿಮೆ, ಇಳಿಯುವುದೂ ಮೊದಲು. ರೆಕ್ಕೆ ಕಿಟಕಿಯ ಮೇಲ್ಗಡೆ ಇರುವುದರಿಂದ ನೆಲ ಚೆನ್ನಾಗಿ ಕಾಣುತ್ತದೆ. ಎರಿ ಹೊಲಗಳ ಕಪ್ಪು ಹಿಂದಾಗಿ, ತುಂಗಭದ್ರೆ ದಾಟಿದ ಮೇಲೆ ಕೆಂಪು ಮಣ್ಣು ಹೆಚ್ಚುತ್ತ ಹೋಗುವುದನ್ನು ಕತ್ತು ಹೊರಳಿಸದೆ ನೋಡಿದೆ. ತಲೆಯ ಮೇಲಿನ ಗೂಡು ಮಾತ್ರ ಚಿಕ್ಕದು, ದೊಡ್ಡ ಟ್ರಾಲಿ ಹಿಡಿಸುವುದಿಲ್ಲ.

ನಮ್ಮ ಕಡೆಯವರ ಬುತ್ತಿಯ ಬಗ್ಗೆ ಹೇಳಲೇಬೇಕು. ಪೇಡೆ, ಖಡಕ್ ರೊಟ್ಟಿಗೆ ತಕರಾರಿಲ್ಲ. ಬ್ಯಾಡಗಿ ಖಾರದ ಪುಡಿ, ಶೇಂಗಾ ಚಟ್ನಿ, ಎಣ್ಣೆ ಜಿನುಗುವ ಉಪ್ಪಿನಕಾಯಿ ಇವನ್ನು ಕೈಚೀಲದಲ್ಲಿ ಇಡದೆ ಕೌಂಟರಿನಲ್ಲಿ ಒಪ್ಪಿಸುವ ಬ್ಯಾಗಿಗೆ ಹಾಕಿ. ಒಣಕೊಬ್ಬರಿ ಎರಡರಲ್ಲೂ ಬೇಡ. ಅದರ ಎಣ್ಣೆಯಂಶದಿಂದಾಗಿ ಬೇಗ ಹೊತ್ತಿಕೊಳ್ಳುವ ವಸ್ತುಗಳ ಪಟ್ಟಿಯಲ್ಲಿದೆ. ನನ್ನ ಮುಂದೆ ನಿಂತಿದ್ದ ಅಜ್ಜಿಯೊಬ್ಬರ ಗಂಟಿನಿಂದ ಗಿಟುಕುಗಳನ್ನು ಒಂದೊಂದಾಗಿ ತೆಗೆಸಿದರು, ಸಾಲು ಕಾಲು ತಾಸು ನಿಂತಿತು.