ಕೆಟ್ಟಿಲ್ಲದ ಕಿಡ್ನಿ ಕೈಕೊಟ್ಟಾಗ

ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ, ಕಿಡ್ನಿ ಸೋತರೆ ಏರುತ್ತದೆ) 1.6 ಅಂದರೆ ಅಂಥ ಗಾಬರಿಯೇನೂ ಬೇಡ ಅಂತ ನೋಡಲು ಬಂದವರೆಲ್ಲ ಹೇಳಿದರು. ಲಿವರ್ ಡಾಕ್ಟರ್ ಮಾತ್ರ ರಿಪೋರ್ಟ್ ನೋಡಿದ ಕೂಡಲೇ ಅಣ್ಣನನ್ನು ಅಡ್ಮಿಟ್ ಮಾಡಿಸಿಕೊಂಡರು. ಅವನಿಗೆ ಸಿರೋಸಿಸ್, ಅಂದರೆ ಲಿವರ್ ಗಾಯಗಟ್ಟಿ ಗಟ್ಟಿಯಾಗುವ ಕಾಯಿಲೆ. (ಕುಡಿದು ಬಂದದ್ದಲ್ಲ, ಹೆಪಟೈಟಿಸ್ ಬಿ ಇಂದ. ಇದನ್ನು ಎಲ್ಲರಿಗೂ ಹೇಳಿ ಹೇಳಿ ಸಾಕಾಗಿದೆ.) ಹೊಟ್ಟೆ ನೀರು ತುಂಬಿ ಬಿಗಿದಿತ್ತು, ಕೈಕಾಲು ಕಡ್ಡಿಯಾಗಿದ್ದವು. ಕ್ರಿಯಾಟಿನಿನ್ ಬರುವುದು ಸ್ನಾಯುಗಳಿಂದ. ಸ್ನಾಯುವೇ ಕರಗಿಹೋದವನಲ್ಲಿ ಆ ಅಂಕಿ ಕಡಿಮೆಯೇ ಕಾಣುತ್ತದೆ. ಹಿಂದಿನ ರಿಪೋರ್ಟಿನಲ್ಲಿ 0.8 ಇದ್ದದ್ದು ಎರಡರಷ್ಟಾಗಿದೆ, ನೋಡಬೇಕಾದ್ದು ಅದನ್ನು.

"ಕಿಡ್ನಿ ಕೆಟ್ಟಿಲ್ಲಮ್ಮ, ಅದಕ್ಕೆ ರಕ್ತ ಸಾಲುತ್ತಿಲ್ಲ" ಎಂದರು ಡಾಕ್ಟರ್. ಲಿವರ್ ಗಟ್ಟಿಯಾದಾಗ ಹೊಟ್ಟೆ, ಕರುಳಿನ ಸುತ್ತಲಿನ ರಕ್ತನಾಳಗಳು ಹಿಗ್ಗುತ್ತವೆ. ರಕ್ತ ಅಲ್ಲೇ ಉಳಿಯುತ್ತದೆ. ಕೆಳಗಿನ ಮನೆಯ ನಲ್ಲಿಗಳೆಲ್ಲ ತೆರೆದಿದ್ದರೆ ಮೇಲಿನ ಮನೆಗೆ ನೀರು ಏರುತ್ತದಾ? ಒತ್ತಡ ಬಿದ್ದಿದೆ ಅಂತ ದೇಹ ಹಾರ್ಮೋನು ಸುರಿಸುತ್ತದೆ. ಅದರಿಂದ ಕಿಡ್ನಿಯ ನಾಳಗಳು ಇನ್ನೂ ಬಿಗಿಯುತ್ತವೆ, ಮೂತ್ರ ಕಡಿಮೆಯಾಗುತ್ತದೆ. ಇದಕ್ಕೆ ಹೆಪಟೋರೀನಲ್ ಸಿಂಡ್ರೋಮ್ ಅನ್ನುತ್ತಾರೆ. ಹೀಗೆ ತೀರಿಕೊಂಡವರ ಕಿಡ್ನಿ ತೆಗೆದು ಬೇರೆಯವರಿಗೆ ಹಾಕಿದಾಗ ಅದು ಕೆಲಸ ಮಾಡಿತು ಅಂತ 1969ರಲ್ಲೇ ವೈದ್ಯರು ಬರೆದಿದ್ದಾರೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಣ್ಣನಿಗೆ ಶುರುವಾದದ್ದು ಹೊಟ್ಟೆಯ ನೀರಿಗೆ ಸೋಂಕು ತಗುಲಿ. ಸೂಜಿ ಹಾಕಿ ನೀರು ತೆಗೆದು ಪರೀಕ್ಷಿಸಿದಾಗ ಬಿಳಿ ರಕ್ತಕಣ ಜಾಸ್ತಿ ಇತ್ತು. ಜ್ವರವೇ ಇರಲಿಲ್ಲ, ಸ್ವಲ್ಪ ಮಂಕಾಗಿದ್ದ ಅಷ್ಟೆ. ಇನ್ನು ಕೆಲವರಿಗೆ ಮೈಕೈ ನೋವಿಗೆ ಸುಮ್ನೆ ನುಂಗಿದ ಡೈಕ್ಲೋಫೆನಾಕ್, ಐಬುಪ್ರೊಫೇನ್ ಸಾಕಂತೆ ಕಿಡ್ನಿ ಕೈಕೊಡಲು. ಸಿರೋಸಿಸ್ ಇರುವವರ ಮನೆಯಲ್ಲಿ ಈ ಮಾತ್ರೆಗಳು ಇರಲೇಬಾರದು ಅನ್ನುವುದು ನನ್ನ ಹಟ.

ನೀರಿಳಿಸುವ ಮಾತ್ರೆ ನಿಲ್ಲಿಸಿದರು. ಆಂಟಿಬಯಾಟಿಕ್ ಜೊತೆಗೆ ಆಲ್ಬುಮಿನ್ (ರಕ್ತದಲ್ಲಿರುವ ಒಂದು ಪ್ರೋಟೀನ್) ಏರಿಸಿದರು. ಸ್ಕ್ಯಾನಿನಲ್ಲಿ ಕಿಡ್ನಿ ಸರಿಯಾಗಿಯೇ ಕಂಡಿತು, ಮೂತ್ರದಲ್ಲಿ ರಕ್ತವಾಗಲಿ ಪ್ರೋಟೀನಾಗಲಿ ಇಲ್ಲ. ಆದರೂ ಅಂಕಿ ಇಳಿಯಲಿಲ್ಲ. ಆಮೇಲೆ ಟರ್ಲಿಪ್ರೆಸಿನ್ ಶುರು ಮಾಡಿದರು. ಕರುಳಿನ ಕಡೆಯ ನಾಳಗಳನ್ನು ಬಿಗಿದು ಕಿಡ್ನಿಗೆ ರಕ್ತ ತಿರುಗಿಸುವ ಔಷಧಿ. ಉಸಿರಿಗೆ ತೊಂದರೆ ಕೊಡಬಹುದು ಅಂತ ಬೆರಳಿನ ಆಕ್ಸಿಜನ್ ಕ್ಲಿಪ್ ತೆಗೆಯಲು ಬಿಡಲೇ ಇಲ್ಲ. ನಾವು ಮೂತ್ರದ ಚೀಲ ನೋಡುತ್ತಾ ಕೂತೆವು.

ಈಗ 1.1ಕ್ಕೆ ಬಂದಿದೆ. ಔಷಧಿ ಲಿವರನ್ನು ಸರಿಮಾಡುವುದಿಲ್ಲ, ಕೊನೆಗೆ ಕಸಿಯೇ ಆಗಬೇಕು. ವಿಚಿತ್ರ ಏನು ಗೊತ್ತಾ? ಕಸಿಗೆ ಕಾಯುವವರ ಸರದಿ ನಿರ್ಧರಿಸುವ ಮೆಲ್ಡ್ ಸ್ಕೋರಿನಲ್ಲಿ ಕ್ರಿಯಾಟಿನಿನ್ ಕೂಡ ಸೇರುತ್ತದೆ. ಅದು ಇಳಿದರೆ ಸ್ಕೋರೂ ಇಳಿಯುತ್ತದೆ, ಸರದಿ ಹಿಂದೆ ಹೋಗಬಹುದು. "ಹಾಗಾದ್ರೆ ಇದು ಒಳ್ಳೆ ಸುದ್ದಿನೋ ಕೆಟ್ಟ ಸುದ್ದಿನೋ?" ಅಂತ ಅಣ್ಣನೇ ಡಾಕ್ಟರನ್ನು ಕೇಳಿಬಿಟ್ಟ. ಆಪರೇಷನ್ ತಡೆದುಕೊಳ್ಳಲು ಕಿಡ್ನಿ ಚೆನ್ನಾಗಿರಬೇಕು, ಸ್ಕೋರಿನ ಚಿಂತೆ ನಮಗೆ ಬಿಡಿ ಎಂದರು ಅವರು.