ಗುಜರಿಗೆ ಹೋಗುವ ಕಾರಿಗೆ ಅಂಕ ಕೊಡುವುದು ಹೇಗೆ?

ಆಯುಸ್ಸು ಮುಗಿದ ಕಾರನ್ನು ಎಷ್ಟು ಚೆನ್ನಾಗಿ ವಿಲೇವಾರಿ ಮಾಡಲಾಯಿತು ಎಂಬುದನ್ನು ಈಗಿನ ನಿಯಮಗಳು ಮುಖ್ಯವಾಗಿ ತಕ್ಕಡಿಯಲ್ಲಿ ಅಳೆಯುತ್ತವೆ. ಐರೋಪ್ಯ ಒಕ್ಕೂಟ 2000ರಲ್ಲಿ ಹೊರಡಿಸಿದ ನಿರ್ದೇಶನದಂತೆ, 2015ರಿಂದೀಚೆಗೆ ವಾಹನದ ತೂಕದಲ್ಲಿ ಸರಾಸರಿ ಶೇ. 85ರಷ್ಟು ಭಾಗ ಮತ್ತೆ ಬಳಕೆಗೋ ಮರುಸಂಸ್ಕರಣೆಗೋ ಹೋಗಬೇಕು. ಉಳಿದದ್ದರಲ್ಲಿ ಸುಟ್ಟು ಶಕ್ತಿ ಪಡೆಯುವ ಭಾಗವನ್ನೂ ಸೇರಿಸಿದರೆ ಅದು ಶೇ. 95 ಮುಟ್ಟಬೇಕು. ಈ ಅಂಕಿಗಳು ಭರವಸೆ ಹುಟ್ಟಿಸುತ್ತವೆ, ನಿಜ. ಆದರೆ ಕಾರಿನ ತೂಕದಲ್ಲಿ ಬಹುಪಾಲು ಉಕ್ಕು ಮತ್ತಿತರ ಲೋಹಗಳದ್ದೇ ಆಗಿರುವುದರಿಂದ, ಮತ್ತು ಲೋಹಕ್ಕೆ ಕಾನೂನು ಬರುವ ಮೊದಲೂ ಗುಜರಿಯಲ್ಲಿ ಒಳ್ಳೆಯ ಬೆಲೆ ಇದ್ದುದರಿಂದ, ಅಂಕದ ದೊಡ್ಡ ಪಾಲು ಯಾರೂ ವಿಶೇಷವಾಗಿ ಶ್ರಮಪಡದೆಯೇ ಬಂದುಬಿಡುತ್ತದೆ.

ಹೊಸ ಮಾದರಿಗಳಿಗೆ ಬಳಸುವ ಐಎಸ್‌ಒ 22628 ಎಂಬ ಅಂತರರಾಷ್ಟ್ರೀಯ ಮಾನಕದ ಲೆಕ್ಕವೂ ತೂಕದ್ದೇ. ದ್ರವಗಳು, ಬ್ಯಾಟರಿ, ಟೈರು, ಕ್ಯಾಟಲಿಟಿಕ್ ಕನ್ವರ್ಟರ್ ಮೊದಲು; ಬಿಚ್ಚಿ ತೆಗೆಯಬಹುದಾದ ಭಾಗಗಳು ಆಮೇಲೆ; ನಂತರ ಲೋಹ, ಕೊನೆಗೆ ಉಳಿಕೆ. ಎಲ್ಲವನ್ನೂ ಕೂಡಿಸಿ ಒಟ್ಟು ತೂಕದಿಂದ ಭಾಗಿಸುತ್ತಾರೆ. ಇದು ಕಾರು ಕಾರ್ಖಾನೆಯಿಂದ ಹೊರಬರುವಾಗಲೇ ಹಾಕುವ ಲೆಕ್ಕವೇ ಹೊರತು, ಹದಿನೈದು ಇಪ್ಪತ್ತು ವರ್ಷಗಳ ನಂತರ ಅದನ್ನು ಬಿಚ್ಚುವ ಕೈಗಳು ಏನು ಮಾಡಿದವು ಎಂಬುದರ ದಾಖಲೆಯಲ್ಲ.

ಒಂದೇ ಒಂದು ಉದಾಹರಣೆ ನೋಡೋಣ. ನಮ್ಮ ಕಾರುಗಳ ಎಸಿಯಲ್ಲಿ ಸಾಮಾನ್ಯವಾಗಿ ಇರುವ ಆರ್-134ಎ ಅನಿಲ ಹೆಚ್ಚೆಂದರೆ ಅರ್ಧ ಕಿಲೋ ಆಸುಪಾಸು. ಸಾವಿರ ಕಿಲೋ ತೂಗುವ ಕಾರಿನಲ್ಲಿ ಇದು ಶೇ. 0.05, ಅಂಕಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಆದರೆ ನೂರು ವರ್ಷಗಳ ಲೆಕ್ಕದಲ್ಲಿ ಇದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 1,400 ಪಟ್ಟು ಹೆಚ್ಚು ಬಿಸಿ ಹಿಡಿಯುವ ಅನಿಲ. ಗುಜರಿ ಅಂಗಡಿಯಲ್ಲಿ ತಾಮ್ರ, ಅಲ್ಯೂಮಿನಿಯಂ ಆಸೆಗೆ ಎಸಿ ಕೊಳವೆಗೆ ಉಳಿಯ ಏಟು ಬಿದ್ದಾಗ ಬುಸ್ಸೆಂದು ಹೊರಟುಹೋಗುವ ಆ ಅರ್ಧ ಕಿಲೋ, ಸರಿಸುಮಾರು 300 ಲೀಟರ್ ಪೆಟ್ರೋಲ್ ಉರಿಸಿದಷ್ಟು ಹಾನಿ ಮಾಡುತ್ತದೆ. ಅದೇ ನೆಲದ ಮೇಲೆ ಹರಿದ ಎಂಜಿನ್ ಆಯಿಲ್ ಮತ್ತು ಬ್ಯಾಟರಿಯ ಆಸಿಡ್ ಮಳೆಗಾಲದಲ್ಲಿ ಚರಂಡಿ ಸೇರುತ್ತವೆ. ಇಷ್ಟಾದರೂ ಆ ಕಾರಿನ ಅಂಕ ಕಡಿಮೆಯಾಗುವುದಿಲ್ಲ, ಏಕೆಂದರೆ ಉಕ್ಕು ಉಕ್ಕಿನ ಕುಲುಮೆಗೆ ತಲುಪಿರುತ್ತದೆ.

ನಮ್ಮ ದೇಶದಲ್ಲಿ 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳು ತಯಾರಕರ ಮೇಲೆ ಹೊಣೆ ಹೊರಿಸಿರುವುದು ನನಗೆ ತುಂಬ ಸಂತೋಷದ ವಿಷಯ. ನೋಂದಾಯಿತ ಗುಜರಿ ಕೇಂದ್ರಗಳು ವಾಹನವನ್ನು ಕತ್ತರಿಸುವ ಮೊದಲು ಅಪಾಯಕಾರಿ ಪದಾರ್ಥಗಳನ್ನು ತೆಗೆಯಬೇಕೆಂಬ ಷರತ್ತೂ ಇದೆ. ಆದರೂ ತಯಾರಕರಿಗೆ ನಿಗದಿಯಾದ ಗುರಿ ಮತ್ತೆ ಉಕ್ಕಿನದೇ: ಅವರು ಹಲವು ವರ್ಷಗಳ ಹಿಂದೆ ಮಾರಿದ ವಾಹನಗಳಲ್ಲಿದ್ದ ಉಕ್ಕಿನಲ್ಲಿ ಮೊದಲ ಐದು ವರ್ಷ ಶೇ. 8, ಆಮೇಲೆ 13, ಮುಂದೆ 18ರಷ್ಟು ಮರುಬಳಕೆಗೆ ಬರಬೇಕು.

ನನ್ನ ಅಭಿಪ್ರಾಯದಲ್ಲಿ, ಪ್ರತಿ ಕಾರಿಗೂ ತೂಕದ ಅಂಕದ ಪಕ್ಕದಲ್ಲೇ, ಹಿಡಿದಿಟ್ಟ ಎಸಿ ಅನಿಲ ಎಷ್ಟು ಗ್ರಾಂ, ಇಳಿಸಿದ ಆಯಿಲ್ ಮತ್ತು ಕೂಲೆಂಟ್ ಎಷ್ಟು ಲೀಟರ್, ಬ್ಯಾಟರಿಯ ಸೀಸ ಯಾವ ಪರವಾನಗಿದಾರರಿಗೆ ಹೋಯಿತು ಎಂಬುದನ್ನು ಪ್ರತ್ಯೇಕವಾಗಿ ನಮೂದಿಸಬೇಕು. ಮತ್ತು ಕಾರನ್ನು ಗುಜರಿ ಕೇಂದ್ರಕ್ಕೆ ಒಪ್ಪಿಸಿದ್ದಕ್ಕೆ ಸಾಕ್ಷಿಯಾಗಿ, ಮಾಲೀಕರು ರಸ್ತೆ ತೆರಿಗೆ ರಿಯಾಯಿತಿಗಾಗಿ ಪಡೆಯುವ ಠೇವಣಿ ಪ್ರಮಾಣಪತ್ರದಲ್ಲೇ ಈ ವಿವರಗಳು ಅಚ್ಚಾಗಬೇಕು.