ಬೂಟ್ ಹರಿದರೆ ಇಡೀ ಆಕ್ಸಲ್ ಬದಲಿಸಬೇಕೇ?

ಹಳೆಯ ಕಾರು ಇಟ್ಟುಕೊಂಡವರು ದಾವಣಗೆರೆಯ ನಮ್ಮ ಗ್ಯಾರೇಜಿಗೆ ಬಂದು ತಪ್ಪದೆ ಕೇಳುವ ಪ್ರಶ್ನೆ ಇದು: “ಆಕ್ಸಲ್ ಬೂಟ್ ಹರಿದಿದೆಯಂತೆ ಅಣ್ಣ. ಒಬ್ಬರು ಬೂಟ್ ಹಾಕಿಸಿದರೆ ಸಾಕು ಎನ್ನುತ್ತಾರೆ, ಇನ್ನೊಬ್ಬರು ಇಡೀ ಆಕ್ಸಲ್ಲೇ ಬದಲಿಸಿ ಎನ್ನುತ್ತಾರೆ. ಯಾರ ಮಾತು ಕೇಳಲಿ?” ಬೂಟ್ ಎಂದರೆ ಆಕ್ಸಲ್ಲಿನ ಜಾಯಿಂಟಿಗೆ ಹೊದಿಸಿದ ರಬ್ಬರ್ ಚೀಲ. ಆ ಜಾಯಿಂಟ್ ಇನ್ನೂ ಸದ್ದು ಮಾಡುತ್ತಿಲ್ಲವಾದರೆ ಬೂಟ್ ಸಾಕು. ಸದ್ದು ಶುರುವಾಗಿದ್ದರೆ ಹೊಸ ಬೂಟಿಗೆ ಹಾಕಿದ ದುಡ್ಡು ದಂಡ. ಆದರೆ ಇದೇ ಕೆಲಸದಲ್ಲಿ ಯಾರೂ ವಿಚಾರಿಸದ ಇನ್ನೊಂದು ವಸ್ತುವಿದೆ, ಆಕ್ಸಲ್ ನಟ್. ನನ್ನ ಲೆಕ್ಕದಲ್ಲಿ ಬೂಟಿಗಿಂತ ಅದೇ ಮುಖ್ಯ.

ಅಂಬಾಸಿಡರ್, ಪದ್ಮಿನಿ, ಓಮ್ನಿ ಇರುವವರು ಇಲ್ಲಿಗೇ ಓದು ನಿಲ್ಲಿಸಬಹುದು. ಅವು ಹಿಂದಿನ ಚಕ್ರದ ಬಲದಿಂದ ಓಡುವ ಗಾಡಿಗಳು, ಈ ತಾಪತ್ರಯ ಅವಕ್ಕಿಲ್ಲ. 1983ರ ಕೊನೆಗೆ ಮಾರುತಿ 800 ಬಂದಿತು; ಮುಂದಿನ ಚಕ್ರಗಳೇ ಎಳೆದೊಯ್ಯುವ ಕಾರುಗಳು ನಮ್ಮ ರಸ್ತೆಗಳಲ್ಲಿ ತುಂಬಿಕೊಂಡದ್ದು ಅದರ ನಂತರ. ಝೆನ್, ಸ್ಯಾಂಟ್ರೊ, ಆಲ್ಟೊ ಎಲ್ಲವೂ ಅದೇ ಜಾತಿ. ಇವುಗಳ ಮುಂದಿನ ಚಕ್ರ ಉರುಳಬೇಕು, ಎಡಬಲಕ್ಕೆ ಹೊರಳಬೇಕು, ಗುಂಡಿ ಬಂದಾಗ ಏರಿಳಿಯಲೂ ಬೇಕು. ಅದಕ್ಕಾಗಿ ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಪ್ರತಿ ಶಾಫ್ಟಿನ (ಆಕ್ಸಲ್ ಎನ್ನುವುದು ಇದನ್ನೇ) ಎರಡೂ ತುದಿಗೆ ಒಂದೊಂದು ಜಾಯಿಂಟ್. ಚಕ್ರದ ಕಡೆಯದರಲ್ಲಿ ಆರು ಉಕ್ಕಿನ ಗುಂಡುಗಳು, ಗೇರ್‌ಬಾಕ್ಸ್ ಕಡೆಯದರಲ್ಲಿ ಸಾಮಾನ್ಯವಾಗಿ ಮೂರು ರೋಲರ್‌ಗಳು. ಅವುಗಳ ಮೇಲೆ ಹೊದಿಸಿದ ನೆರಿಗೆಯ ರಬ್ಬರ್ ಚೀಲವೇ ಬೂಟ್. ಒಳಗಿನ ಗ್ರೀಸ್ ಹೊರಗೆ ಹೋಗದಂತೆ, ಹೊರಗಿನ ಧೂಳು ಒಳಗೆ ಬಾರದಂತೆ ಅದು ಕಾಯುತ್ತದೆ.

ವಯಸ್ಸಾದ ರಬ್ಬರ್ ನೆರಿಗೆಯ ತಳದಲ್ಲಿ ಸೀಳುವುದು ಎಲ್ಲ ಊರಿನಲ್ಲೂ ಇದ್ದದ್ದೇ. ನಮ್ಮ ಸೀಮೆಯಲ್ಲಿ ಇನ್ನೊಂದು ಕಾರಣವಿದೆ. ಸುಗ್ಗಿ ಬಂತೆಂದರೆ ಚಿತ್ರದುರ್ಗ, ಹೊಳಲ್ಕೆರೆ, ಜಗಳೂರು ಕಡೆಯ ಹಳ್ಳಿ ರಸ್ತೆಗಳೇ ಕಣವಾಗುತ್ತವೆ. ರಾಗಿ, ಹುರುಳಿ ಹರವಿ, ಬರುವ ಹೋಗುವ ವಾಹನಗಳಿಂದಲೇ ಒಕ್ಕಣೆ ಮಾಡಿಸಿಕೊಳ್ಳುತ್ತಾರೆ. ರಾಗಿ ಹುಲ್ಲು ಅಷ್ಟು ಕಾಡುವುದಿಲ್ಲ, ಹುರುಳಿ ಬಳ್ಳಿ ಮಾತ್ರ ಬಿಡುವುದಿಲ್ಲ. ತಿರುಗುವ ಶಾಫ್ಟಿಗೆ ಸುತ್ತಿ, ಹಗ್ಗವಾಗಿ ಹೊಸೆದುಕೊಂಡು, ಬೂಟಿನ ಬಾಯಿಯವರೆಗೆ ಸರಿದು ಕ್ಲ್ಯಾಂಪನ್ನೇ ಎಬ್ಬಿಸಿಬಿಡುತ್ತದೆ. ಬಿಸಿಯಾದ ಸೈಲೆನ್ಸರ್ ಪೈಪಿಗೆ ತಗುಲಿ ಬೆಂಕಿ ಹತ್ತಿದರೆ ಬೂಟಿನ ಪ್ರಶ್ನೆಯೇ ಉಳಿಯುವುದಿಲ್ಲ. ರೈತರನ್ನು ಬೈದು ಫಲವಿಲ್ಲ, ಎಲ್ಲರಿಗೂ ಕಣ ಎಲ್ಲಿದೆ? ಅಂಥ ರಸ್ತೆ ದಾಟಿದ ಮೇಲೆ ಗಾಡಿ ನಿಲ್ಲಿಸಿ ಒಮ್ಮೆ ಬಗ್ಗಿ ನೋಡಿ, ಸುತ್ತಿಕೊಂಡದ್ದನ್ನು ಕುಡುಗೋಲಿನಿಂದಲ್ಲ, ಕೈಯಿಂದಲೇ ಬಿಡಿಸಿ.

ಬೂಟ್ ಹೋಗಿದೆಯೇ ಎಂದು ತಿಳಿಯಲು ಗ್ಯಾರೇಜಿಗೇ ಬರಬೇಕಿಲ್ಲ. ಸ್ಟೇರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ, ಚಕ್ರದ ಹಿಂದೆ ಮೊಬೈಲ್ ಬೆಳಕು ಬಿಡಿ. ರಿಮ್ಮಿನ ಒಳಮೈಗೆ ಕಪ್ಪು ಗ್ರೀಸ್ ಸಿಡಿದಿದ್ದರೆ ಹೋಗಿದೆ. ಸೀಳಿನೊಳಗಿನಿಂದ ಒಂದಿಷ್ಟು ಗ್ರೀಸ್ ತೆಗೆದು ಎರಡು ಬೆರಳ ನಡುವೆ ಉಜ್ಜಿ. ನುಣ್ಣಗಿದ್ದರೆ ಕಾಲ ಮಿಂಚಿಲ್ಲ. ತರಿತರಿಯಾಗಿದ್ದರೆ ಮರಳು ಸೇರಿದೆ, ಗುಂಡುಗಳು ತಮ್ಮ ತೋಡನ್ನು ತಾವೇ ಅರೆಯುತ್ತಿವೆ. ಆಮೇಲೆ ಖಾಲಿ ಮೈದಾನವೊಂದರಲ್ಲಿ ಸ್ಟೇರಿಂಗನ್ನು ಕೊನೆಯವರೆಗೆ ತಿರುಗಿಸಿ, ನಿಧಾನವಾಗಿ ಸುತ್ತು ಹೊಡೆಯುತ್ತಾ ಆಕ್ಸಿಲರೇಟರ್ ಒತ್ತಿ. ಟಕ್ ಟಕ್ ಟಕ್ ಎಂದು ಕೇಳಿಸಿದರೆ ಹೊರಗಿನ ಜಾಯಿಂಟ್ ಸವೆದಿದೆ. ಜೋಗಿಮಟ್ಟಿಯಂಥ ಏರಿನಲ್ಲಿ ಎಳೆಯುವಾಗ ಮುಂಭಾಗ ಅದುರಿದರೆ ಒಳಗಿನ ಜಾಯಿಂಟಿನ ಮೇಲೆ ಅನುಮಾನ ಪಡಬೇಕು.

ಬೂಟ್ ಹಾಕುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳೆಯ ಗ್ರೀಸ್ ಪೂರ್ತಿ ಒರೆಸಬೇಕು. ಕಿಟ್ ಜೊತೆ ಬರುವ ಕಪ್ಪು ಮಾಲಿಬ್ಡಿನಮ್ ಗ್ರೀಸನ್ನೇ ತುಂಬಬೇಕು, ಡಬ್ಬಿಯಲ್ಲಿ ಉಳಿದ ಯಾವುದೋ ಗ್ರೀಸಿನಿಂದ ಪೂರೈಸಬಾರದು. ಕಟ್ಟುವ ತಂತಿಯಿಂದ ಬಿಗಿದು ಕೊಟ್ಟರೆ ಒಪ್ಪಿಕೊಳ್ಳಬೇಡಿ. ತಂತಿ ರಬ್ಬರನ್ನು ಕೊಯ್ಯುತ್ತದೆ, ಕ್ಲ್ಯಾಂಪ್ ಬೇಕು.

ಈಗ ನಟ್. ಬೂಟ್ ಬದಲಿಸಲು ಶಾಫ್ಟ್ ಹೊರಗೆ ಬರಬೇಕು, ಶಾಫ್ಟ್ ಬರಬೇಕಾದರೆ ಚಕ್ರದ ನಡುವಿನ ಈ ದೊಡ್ಡ ನಟ್ ಬಿಚ್ಚಬೇಕು. ಇದು ಶಾಫ್ಟ್ ಬೀಳದಂತೆ ಹಿಡಿದುಕೊಳ್ಳುವುದಕ್ಕಷ್ಟೇ ಇದೆ ಎಂದು ಅನೇಕರು ತಿಳಿದಿದ್ದಾರೆ. ಅದಷ್ಟೇ ಅಲ್ಲ, ಚಕ್ರ ಕೂರುವ ಹಬ್ ಅನ್ನೂ ಬೇರಿಂಗಿನ ಒಳಬಳೆಗಳನ್ನೂ ಜಾಯಿಂಟಿನ ಭುಜಕ್ಕೆ ಒತ್ತಿ ಹಿಡಿಯುವುದು ಈ ನಟ್ಟೇ. ಸಡಿಲವಾದರೆ ಬೇರಿಂಗ್ ಆಡುತ್ತದೆ, ಶಾಫ್ಟಿನ ಹಲ್ಲುಗಳು ಸವೆಯುತ್ತವೆ. ಬಿಗಿ ಅತಿಯಾದರೆ ಮರೆ (ಥ್ರೆಡ್) ಹಾಳು, ಬೇರಿಂಗಿಗೂ ಕೇಡು. ಹಾಗಾಗಿ ನಟ್ ಸಡಿಲವಿರುವಾಗ ಅಥವಾ ಶಾಫ್ಟ್ ತೆಗೆದಿಟ್ಟಾಗ ಕಾರನ್ನು ನೆಲಕ್ಕಿಳಿಸಿ ತಳ್ಳಬಾರದು. ಜಾಗ ಖಾಲಿ ಮಾಡಲೆಂದು ಪಕ್ಕಕ್ಕೆ ಸರಿಸಿದ ಗಾಡಿಯ ಬೇರಿಂಗ್ ಆಮೇಲೆ ಗುಂಯ್‌ಗುಟ್ಟುವುದು ಇದರಿಂದಲೇ.

ಹಳೆಯ ಸಣ್ಣ ಕಾರುಗಳಲ್ಲಿ ಈ ನಟ್ಟಿನ ಬಿಗಿ ಸಾಮಾನ್ಯವಾಗಿ 150ರಿಂದ 250 ನ್ಯೂಟನ್ ಮೀಟರ್ ನಡುವೆ ಇರುತ್ತದೆ. ನಿಖರವಾದ ಸಂಖ್ಯೆ ಆಯಾ ಕಾರಿನ ಸರ್ವಿಸ್ ಪುಸ್ತಕದಲ್ಲಿರುತ್ತದೆ, ಅದನ್ನೇ ನೋಡಬೇಕು. ಅರವತ್ತು ಕಿಲೋ ತೂಕದ ಹುಡುಗ 30 ಸೆಂಟಿಮೀಟರ್ ಉದ್ದದ ಪಾನದ (ಸ್ಪ್ಯಾನರ್) ತುದಿಯಲ್ಲಿ ನಿಂತರೆ ಸುಮಾರು 176 ನ್ಯೂಟನ್ ಮೀಟರ್. ಅದೇ ಹುಡುಗ ಒಂದು ಮೀಟರ್ ಪೈಪ್ ಸಿಕ್ಕಿಸಿ ಅದರ ತುದಿಯಲ್ಲಿ ನಿಂತರೆ 590ರ ಹತ್ತಿರ, ಕುಣಿದರೆ ಇನ್ನೂ ಹೆಚ್ಚು. ಬಿಚ್ಚಲು ಪೈಪ್, ಗಾಳಿ ಗನ್ ಏನಾದರೂ ಬಳಸಿ, ನನ್ನ ತಕರಾರಿಲ್ಲ. ಕೊನೆಯ ಬಿಗಿಗೆ ಬಿಗಿಯ ಅಳತೆ ತಿಳಿಸುವ ಟಾರ್ಕ್ ವ್ರೆಂಚೇ ಬೇಕು, ಜೊತೆಗೆ ಒಳಗೆ ಕೂತು ಬ್ರೇಕ್ ಒತ್ತಿ ಹಿಡಿಯಲು ಒಬ್ಬರು ಬೇಕು. ಹರಿಹರದ ಕಿರ್ಲೋಸ್ಕರ್‌ನಲ್ಲಿ ಲೇತ್ ಜೋಡಿಸಿ ನಿವೃತ್ತರಾದ ಹಿರಿಯರು ಕಾರು ತಂದರೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ವ್ರೆಂಚ್ ಎಲ್ಲಿ ಎಂದು ಅವರೇ ಕೇಳುತ್ತಾರೆ.

ಪಿನ್ ಹಾಕುವ ನಟ್ ಆಗಿದ್ದು, ಸರಿಯಾದ ಬಿಗಿಗೆ ಬಂದ ಮೇಲೂ ತೂತು ಎದುರಾಗದಿದ್ದರೆ ಮುಂದಕ್ಕೇ ತುಸು ಬಿಗಿಯಬೇಕು, ಹಿಂದಕ್ಕೆ ಸಡಿಲಿಸಬಾರದು. ಅಂಚನ್ನು ಶಾಫ್ಟಿನ ತೋಡಿಗೆ ಬಡಿದು ಕೂರಿಸುವ ನಟ್ ಆಗಿದ್ದರೆ ಒಮ್ಮೆ ಬಿಚ್ಚಿದ್ದನ್ನು ಮತ್ತೆ ಹಾಕಬಾರದು. ಹೊಸದನ್ನು ಹಾಕಿ, ಮೊಂಡು ತುದಿಯ ಪಂಚಿನಿಂದ ಅಂಚು ಒತ್ತಬೇಕು. ಚೂಪಾದ ಉಳಿಯಿಂದ ಬಡಿದರೆ ಅಂಚೇ ಸೀಳುತ್ತದೆ.

“ಹರಿದ ಬೂಟಿನಲ್ಲೇ ಇನ್ನೊಂದು ತಿಂಗಳು ಓಡಿಸಬಹುದೇ?” ಎಂದು ಹೊರಡುವಾಗ ಕೇಳುವವರೂ ಇದ್ದಾರೆ. ಸದ್ದಿಲ್ಲದಿದ್ದರೆ ಮನೆಯವರೆಗೆ, ಬಿಡಿಭಾಗ ಸಿಗುವವರೆಗೆ ಓಡಿಸಿ. ಮಳೆ, ಕೆಸರು, ಭತ್ತದ ಗದ್ದೆಯ ದಾರಿ ಬಿಟ್ಟುಬಿಡಿ. ಆಗಲೇ ಟಕ್ ಟಕ್ ಎನ್ನುತ್ತಿದ್ದರೆ ಬೂಟ್ ಕೊಳ್ಳಬೇಡಿ, ಆ ದುಡ್ಡನ್ನು ಆಕ್ಸಲ್ಲಿಗೆ ಕೂಡಿಸಿಟ್ಟುಕೊಳ್ಳಿ.